ಗಂಡನ ಕೆಲಸ ಹೋಗಿದೆ, ಬಂದ ದುಡ್ಡಲ್ಲಿ ಕಾರ್ ಸಾಲ ತೀರಿಸಿಬಿಡಬೇಕಾ?

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಯಜಮಾನರ ಕೆಲಸ ಹೋಯಿತು. ಕಂಪನಿಯವರು ಇವರ ವಿಭಾಗವನ್ನೇ ಮುಚ್ಚಿದರು. ನನಗೆ ಕೆಲಸ ಇದೆ. ನನ್ನ ಸಂಬಳದಲ್ಲಿ ಮನೆಸಾಲದ ಕಂತು ಕಟ್ಟಿ ಮನೆ ಖರ್ಚು ಹೇಗೋ ತೂಗಿಸಬಹುದು. ಕಾರ್ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಎರಡಕ್ಕೂ ಸಾಲುವುದಿಲ್ಲ.

ಕಂಪನಿಯವರು ಲೆಕ್ಕ ಚುಕ್ತಾ ಮಾಡಿ ಒಂದಿಷ್ಟು ದುಡ್ಡು ಕೊಟ್ಟಿದ್ದಾರೆ. ನಾಲ್ಕೈದು ತಿಂಗಳ ಖರ್ಚಿಗೆ ಆಗುವಷ್ಟು. ಅದರಲ್ಲಿ ಕಾರ್ ಸಾಲ ಪೂರ್ತಿ ತೀರಿಸೋಣ ಅಂತ ಇವರು. ತೀರಿಸಿದರೆ ಒಂದು ತಿಂಗಳ ಖರ್ಚೂ ಕೈಯಲ್ಲಿ ಉಳಿಯುವುದಿಲ್ಲ. "ಒಂದು ತಲೆನೋವಾದರೂ ಕಳೆಯಲಿ ಬಿಡು" ಅನ್ನುತ್ತಾರೆ. ನನಗೆ ಆ ದುಡ್ಡು ಮುಟ್ಟುವುದಕ್ಕೇ ಭಯ. ಆದರೆ ದುಡ್ಡು ಬ್ಯಾಂಕಲ್ಲಿ ಇಟ್ಟುಕೊಂಡು ಸುಮ್ನೆ ಬಡ್ಡಿ ಕಟ್ಟುವುದು ದಡ್ಡತನ ಅಲ್ವಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಇನ್ನೊಂದು. ಕಂತಿನ ಮೆಸೇಜ್ ಬಂದರೆ ಇವರು ಓದದೇ ಅಳಿಸುತ್ತಾರೆ. ಮೊನ್ನೆ ಇವರ ಖಾತೆಯಲ್ಲಿ ಬ್ಯಾಲೆನ್ಸ್ ಸಾಲದೆ ಕಾರ್ ಕಂತು ಬೌನ್ಸ್ ಆಯಿತು. ದುಡ್ಡು ಇರಲಿಲ್ಲ ಅಂತಲ್ಲ, ಇನ್ನೊಂದು ಖಾತೆಯಲ್ಲಿತ್ತು! ಬ್ಯಾಂಕಿನವರೂ ದಂಡ ಹಾಕಿದರು, ಸಾಲ ಕೊಟ್ಟವರೂ ಹಾಕಿದರು. ಮಾತೆತ್ತಿದರೆ ಊಟ ಬಿಟ್ಟು ಎದ್ದು ಹೋಗುತ್ತಾರೆ.

ಹಳೇಲೆಡ್ಜರ್:
ಮೇಡಂ, ನಾನು ಸಾಲದ ವಿಭಾಗದಲ್ಲಿ ತುಂಬಾ ವರ್ಷ ಕೂತವನು. ಕಾರ್ ಸಾಲಕ್ಕೆ ಈಗ ಇಡಿಗಂಟು ಹಾಕಬೇಡಿ, ಕಂತು ಮಾತ್ರ ಕಟ್ಟಿಕೊಂಡು ಹೋಗಿ. ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ನಾಳೆ ಅವಸರಕ್ಕೆ ಹೊಸ ಸಾಲ ಕೇಳಿದರೆ ಮೊದಲು ಕೇಳುವುದೇ ಸಂಬಳದ ಚೀಟಿ. ಕೈ ಖಾಲಿ ಮಾಡಿಕೊಂಡರೆ ಮನೆಸಾಲದ ಕಂತೇ ತಪ್ಪಬಹುದು. ಯಜಮಾನರು ದಡ್ಡತನ ಅನ್ನುವ ಆ ಬಡ್ಡಿ, ದುಡ್ಡು ಕೈಯಲ್ಲಿ ಇಟ್ಟುಕೊಳ್ಳುವುದಕ್ಕೆ ಕೊಡುವ ಬಾಡಿಗೆ ಅಂದುಕೊಳ್ಳಿ.

ಕಾರ್ಡಿನ ಕತೆ ಬೇರೆ. ತಿಂಗಳಿಗೆ 3.5% ಬಡ್ಡಿ ಅಂದರೆ ಕೇಳುವುದಕ್ಕೆ ಚಿಕ್ಕದು. ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ 51% ಆಗುತ್ತದೆ. ಒಂದು ಲಕ್ಷ ಬಾಕಿಗೆ ಮಿನಿಮಮ್ ಅಂತ 5,000 ಕಟ್ಟಿದರೆ ಬಡ್ಡಿಗೇ 3,500 ಹೋಯಿತು. ಅಸಲು ಇಳಿದದ್ದು 1,500 ಅಷ್ಟೇ. ಬಂದ ದುಡ್ಡಲ್ಲಿ ಏನಾದರೂ ತೀರಿಸಲೇಬೇಕು ಅಂದರೆ ಇದನ್ನು ತೀರಿಸಿ. ಬಾಕಿ ದೊಡ್ಡದಿದ್ದರೆ ಕಂತಿಗೆ ಬದಲಾಯಿಸಿ ಕೊಡಿ ಅಂತ ಕೇಳಿ. ಸಾಮಾನ್ಯವಾಗಿ ಬಡ್ಡಿ ಕಮ್ಮಿ ಬೀಳುತ್ತದೆ.

ಮನೆಸಾಲ ಭಾರ ಅನಿಸಿದರೆ ಕಂತು ತಪ್ಪುವ ಮೊದಲೇ ಹೋಗಿ ಮಾತಾಡಿ. ತಪ್ಪಿದ ಮೇಲೆ ಬಂದವರ ಮಾತನ್ನು ನಾವು ಬೇರೆ ಕಿವಿಯಲ್ಲೇ ಕೇಳುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ. ಅವಧಿ ಹೆಚ್ಚಿಸಿ ಅಂತ ಬರೆದು ಕೊಡಿ. 9% ಬಡ್ಡಿಯಲ್ಲಿ ಒಂದು ಲಕ್ಷಕ್ಕೆ 10 ವರ್ಷದ ಕಂತು 1,267. ಅದನ್ನೇ 15 ವರ್ಷ ಮಾಡಿದರೆ 1,014. ಆದರೆ ಒಟ್ಟು ಬಡ್ಡಿ ಸುಮಾರು 30 ಸಾವಿರ ಜಾಸ್ತಿ. ಹಾಗಾಗಿ ಕೆಲಸ ಸಿಕ್ಕ ಕೂಡಲೇ ಕಂತು ಮತ್ತೆ ಏರಿಸಿಕೊಳ್ಳಿ. ಮೂರು ತಿಂಗಳು ಕಟ್ಟುವುದೇ ಬೇಡ ಅಂದರೂ ಬಡ್ಡಿ ನಿಲ್ಲುವುದಿಲ್ಲ, ಅಸಲಿಗೆ ಸೇರಿಕೊಳ್ಳುತ್ತದೆ.

ಖಾಲಿಜೇಬು:
ಅಕ್ಕಾ, ನಾನು ನಿಮ್ಮ ಯಜಮಾನರ ಜಾಗದಲ್ಲಿ ಇದ್ದವನು. ಲೆಕ್ಕವನ್ನು ಸರ್ ಹೇಳಿದ್ದಾರೆ. ನನ್ನದು ಆ ಮೆಸೇಜ್ ವಿಷಯ. ಸಂಬಳ ನಿಂತ ಖಾತೆಯಿಂದ ಕಂತು ಮಾತ್ರ ಹೋಗುತ್ತಾ ಇರುವುದನ್ನು ನೋಡುವುದಕ್ಕೆ ಆಗಲ್ಲ. ಕಂತೆಲ್ಲಾ ನಿಮ್ಮ ಖಾತೆಯಿಂದ ಹೋಗುವ ಹಾಗೆ ಮಾಡಿಸಿ. ಅಲ್ಲಿಯವರೆಗೆ ಎರಡು ದಿನ ಮುಂಚೆಯೇ ದುಡ್ಡು ಅವರ ಖಾತೆಗೆ ಹಾಕಿ.

ಹಾಗಂತ ಎಲ್ಲವನ್ನೂ ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ಫೋನ್ ಮಾಡುವ ಕೆಲಸವನ್ನು ನಮ್ಮನೆಯವಳು ನನಗೇ ಬಿಟ್ಟಳು. ಕಾರ್ಡಿನವರ ಜೊತೆ ಹಗ್ಗಜಗ್ಗಾಟ, ವಿಮೆಯವರ ಹತ್ತಿರ ವಿಚಾರಣೆ, ಎಲ್ಲಾ ನಂದೇ. ಏನೋ ಮಾಡುತ್ತಿದ್ದೇನೆ ಅನಿಸುತ್ತಿತ್ತು. ನಿಮ್ಮವರು ಸಾಲ ತೀರಿಸಬೇಕು ಅನ್ನುವುದೂ ಅದಕ್ಕೇ ಇರಬಹುದು. ಅಂದಹಾಗೆ ಆರೋಗ್ಯ ವಿಮೆ ಕಂಪನಿ ಕಡೆಯಿಂದ ಇತ್ತಾ? ಇದ್ದರೆ ಕೆಲಸದ ಜೊತೆಗೇ ಅದೂ ಹೋಗಿರಬಹುದು. ಮೊದಲು ಅದನ್ನು ನೋಡಿ. ಇಂಥ ಹೊತ್ತಲ್ಲಿ ಆಸ್ಪತ್ರೆ ಬಿಲ್ ಬಂದರೆ ಕಾರ್ಡೇ ಗತಿ ಆಗುತ್ತದೆ.

ದುಡ್ಡಿನ ಮಾತು ಊಟದ ಹೊತ್ತಲ್ಲಿ ಬೇಡ.

ನೇರಮಾತು:
ಕಾರ್ ಸಾಲದ ಬಗ್ಗೆ ಇಷ್ಟು ಚರ್ಚೆ, ಕಾರೇ ಬೇಕಾ ಅಂತ ಯಾರೂ ಕೇಳಿಲ್ಲವಲ್ಲ! ಈಗ ಮಾರಿದರೆ ಎಷ್ಟು ಬರುತ್ತದೆ, ಸಾಲ ಎಷ್ಟು ಉಳಿದಿದೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಬರುವುದು ಜಾಸ್ತಿ ಇದ್ದರೆ ಮಾರಿ, ಕಂತೂ ನಿಲ್ಲುತ್ತದೆ, ಪೆಟ್ರೋಲೂ ಉಳಿಯುತ್ತದೆ. ಸಾಲ ಇರುವ ಗಾಡಿ ಆದ್ದರಿಂದ ಸಾಲ ಕೊಟ್ಟವರ ಒಪ್ಪಿಗೆ ಪತ್ರ ಬೇಕಾಗುತ್ತದೆ.

ಸಂಜೆಮಲ್ಲಿಗೆ:
ಎಲ್ಲರಿಗೂ ಥ್ಯಾಂಕ್ಸ್. ಹಳೇಲೆಡ್ಜರ್ ಸರ್ ಬರೆದ ಕಾರ್ಡಿನ ಲೆಕ್ಕ ಇವರಿಗೆ ಓದಿ ಹೇಳಿದೆ. 51% ಅಂದಾಗ ಫೋನ್ ಕಿತ್ತುಕೊಂಡು ತಾವೇ ಇನ್ನೊಂದು ಸಲ ಓದಿದರು. ಕಾರ್ಡಿನವರಿಗೆ ತಾವೇ ಫೋನ್ ಮಾಡುತ್ತಾರಂತೆ. ವಿಮೆ ಕಂಪನಿಯದೇ ಇತ್ತು, ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಕಾರ್ ಮಾರುವ ಮಾತು ಮಾತ್ರ ಇನ್ನೂ ಎತ್ತಿಲ್ಲ. ಸರ್, ಮನೆಸಾಲ ಇಬ್ಬರ ಹೆಸರಲ್ಲಿದೆ. ಅವಧಿ ಹೆಚ್ಚಿಸಲು ನಾನೊಬ್ಬಳೇ ಹೋದರೆ ಆಗುತ್ತಾ?

ಹಳೇಲೆಡ್ಜರ್:
ಇಬ್ಬರೂ ಹೋಗಿ ಮೇಡಂ, ಇಬ್ಬರ ಸಹಿಯೂ ಕೇಳುತ್ತಾರೆ. ಕಂತು ತಪ್ಪಿದರೆ ಕ್ರೆಡಿಟ್ ಸ್ಕೋರ್ ಬೀಳುವುದೂ ಇಬ್ಬರದ್ದೇ. ಕೆಲಸದಿಂದ ಬಿಡಿಸಿದ ಪತ್ರ, ನಿಮ್ಮ ಸಂಬಳದ ಚೀಟಿ ತೆಗೆದುಕೊಂಡು ಹೋಗಿ. ಅರ್ಜಿ ಕೊಟ್ಟ ಮೇಲೆ ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳುವುದು ಮರೆಯಬೇಡಿ.