ಅತ್ತಿಹಣ್ಣಿನ ಆಮೋಸ

ಮೊನ್ನೆ ಚಹಾ ಕುಡಿಯುವಾಗ ಮಾತು ಹೇಗೋ ಬೈಬಲಿನ ಪ್ರವಾದಿಗಳ ಕಡೆ ತಿರುಗಿತು. ಮೀನಿನ ಹೊಟ್ಟೆ ಸೇರಿದ ಯೋನ ಗೊತ್ತು ಎಂದ ಗುಂಡ.

"ಅವನು ಎಲ್ಲರಿಗೂ ಗೊತ್ತು, ಆಮೋಸನ ಕಥೆ ಕೇಳು" ಎಂದರು ಮೇಷ್ಟ್ರು. "ದಕ್ಷಿಣದ ಯೆಹೂದ ರಾಜ್ಯದ ತೆಕೋವ ಊರಿನ ಕುರಿಗಾಹಿ. ಜೊತೆಗೆ ಅತ್ತಿಮರದ ಕೆಲಸ. ಅಲ್ಲಿನ ಅತ್ತಿಯನ್ನು ಕಾಯಲ್ಲೇ ಗೀರಬೇಕು, ಆಗಲೇ ಅದು ಬೇಗ ಹಣ್ಣಾಗುವುದು."

"ನಮ್ಮಲ್ಲಿ ಬಿಚ್ಚಿದರೆ ಬರೀ ಹುಳ."

"ಅವನಿಗೂ ಹುಳವೇ ಕಂಡಿದ್ದು! ಕ್ರಿ.ಪೂ. 8ನೇ ಶತಮಾನ, ರಾಜ ಎರಡನೇ ಯಾರೊಬ್ಬಾಮನ ಕಾಲ, ಉತ್ತರದ ಇಸ್ರಾಯೇಲ್ ರಾಜ್ಯದಲ್ಲಿ ದುಡ್ಡೋ ದುಡ್ಡು, ರಾಜಧಾನಿ ಸಮಾರ್ಯದ ಸಾಹುಕಾರರು ದಂತದ ಮಂಚದ ಮೇಲೆ ಒರಗಿಕೊಂಡು ಬೋಗುಣಿಗಟ್ಟಲೆ ದ್ರಾಕ್ಷಾರಸ ಇಳಿಸುತ್ತಿದ್ದರು."

"ಸುಮ್ನೆ ಬಿಡ್ತೀರ ಮೇಷ್ಟ್ರೇ."

"ಇಲ್ಲಯ್ಯ, ಅಲ್ಲಿ ಅಗೆದಾಗ ನೂರಾರು ದಂತದ ತುಂಡುಗಳು ಸಿಕ್ಕಿವೆ. ಇವನು ಗಡಿ ದಾಟಿ ಬಂದು ಮೊದಲು ದಮಸ್ಕವನ್ನು ಬೈದ. ಆಮೇಲೆ ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್, ಕೊನೆಗೆ ತನ್ನದೇ ಯೆಹೂದ. ಪಕ್ಕದ ಮನೆಯವರನ್ನು ಬೈದರೆ ಯಾರಿಗೆ ಬೇಜಾರು? ಜನ ತಲೆದೂಗಿಯೇ ತಲೆದೂಗಿರಬೇಕು. ಎಂಟನೆಯ ಹೆಸರು ಬಂತು ನೋಡು, ಇಸ್ರಾಯೇಲ್! ಒಂದು ಜೊತೆ ಕೆರಕ್ಕೆ ಬಡವನನ್ನು ಮಾರುತ್ತೀರಿ ಅಂದ. ದೊಡ್ಡ ಮನೆಯ ಹೆಂಗಸರನ್ನು ಮೇವಿನ ನಾಡು ಬಾಷಾನಿನ ಕೊಬ್ಬಿದ ಹಸುಗಳು ಅಂದ."

"ಮಂದೆ ಕಾಯುವವನಿಗೆ ಬೈಯೋಕೆ ಇನ್ನೇನು ನೆನಪಾಗುತ್ತೆ!"

"ವ್ಯಾಪಾರಿಗಳನ್ನೂ ಬಿಡಲಿಲ್ಲ. ಹಬ್ಬ ಯಾವಾಗ ಮುಗಿಯುತ್ತೆ, ಧಾನ್ಯ ಯಾವಾಗ ಮಾರೋಣ ಅಂತ ಅವರು ಕಾಯುತ್ತಿದ್ದರಂತೆ. ಅಳತೆ ಚಿಕ್ಕದು, ತಕ್ಕಡಿ ಮೋಸದ್ದು, ಗೋಧಿಯ ಕಸವೂ ಮಾರಾಟಕ್ಕೆ."

ದಿನಸಿ ಅಂಗಡಿ ಇಟ್ಟಿರುವ ನಮ್ಮ ಗೆಳೆಯ ಅಷ್ಟು ಹೊತ್ತು ಜಾಸ್ತಿ ನಗುತ್ತಿದ್ದವನು ಲೋಟದೊಳಗೆ ಏನೋ ಹುಡುಕತೊಡಗಿದ.

"ಯಾರೂ ಒದ್ದು ಓಡಿಸಲಿಲ್ವಾ?" ಎಂದೆ ನಾನು.

"ಇಸ್ರಾಯೇಲಿನ ಗುಡಿಯೂರು ಬೇತೇಲಿನ ಪೂಜಾರಿ ಅಮಚ್ಯ ಬಂದ. ಯೆಹೂದಕ್ಕೆ ಹೋಗಿ ಪ್ರವಾದನೆ ಹೇಳಿ ಅಲ್ಲೇ ಹೊಟ್ಟೆ ಹೊರೆದುಕೋ, ಇದು ರಾಜನ ಗುಡಿ ಅಂದ. ನಾನು ಪ್ರವಾದಿಯೂ ಅಲ್ಲ, ಪ್ರವಾದಿಯ ಮಗನೂ ಅಲ್ಲ, ಮಂದೆ ಬಿಡಿಸಿ ಕಳಿಸಿದ್ದು ದೇವರು ಅಂದ ಇವನು."

"ಹಾಗಾದರೆ ಸಂಬಳ ನಿಲ್ಲಿಸ್ತೀವಿ ಅಂತ ಹೆದರಿಸೋಕೂ ಆಗಲ್ಲ!"

"ಅದೇ ತಲೆನೋವು. ನಿಮ್ಮ ಹಬ್ಬ ನನಗೆ ಹೇಸಿಗೆ, ಹಾಡಿನ ಗದ್ದಲ ಸಾಕು, ನ್ಯಾಯ ನೀರಿನಂತೆ ಹರಿಯಲಿ, ಇದು ದೇವರ ಮಾತು ಅಂತ ಹೇಳಿದ್ದ. ನ್ಯಾಯ ನೀರಿನಂತೆ ಹರಿಯಲಿ ಅನ್ನೋ ಮಾತನ್ನು 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಎತ್ತಿ ಹೇಳಿದರು. ಸಮಾರ್ಯದವರಿಗೆ ಮಾತ್ರ ಕಿವಿಗೆ ಬೀಳಲಿಲ್ಲ. ಕ್ರಿ.ಪೂ. 722ರ ಹೊತ್ತಿಗೆ ಅಸ್ಸೀರಿಯದವರು ಬಂದು ಊರನ್ನೇ ಹಿಡಿದರು."

ಅಂಗಡಿಯ ಗೆಳೆಯ ಮೆಲ್ಲಗೆ ಎದ್ದ. ಬಾಗಿಲು ತೆಗೆಯುವ ಹೊತ್ತಾಯಿತಂತೆ.

"ಯಾಕೋ, ಹಬ್ಬ ಮುಗೀತಾ?" ಎಂದ ಗುಂಡ.