ಗುರುತಿನ ಚೀಟಿಗೆ ಹೆದರಬೇಕೇ, ಅದರ ಹಿಂದಿನ ಕಡತಕ್ಕೆ ಹೆದರಬೇಕೇ?

ಪ್ರಶ್ನೆ: ‘ದಾರಿಹೋಕ’

ನನಗೂ ನನ್ನ ಭಾವನವರಿಗೂ ನಡುವೆ ಎರಡು ವಾರಗಳಿಂದ ನಡೆದಿರುವ ವಾದವೊಂದನ್ನು ಇಲ್ಲಿ ಇಡುತ್ತಿದ್ದೇನೆ. ನಾವಿಬ್ಬರೂ ಪ್ರವಾಸಕ್ಕೆ ಹೋಗಿದ್ದಾಗ ವಸತಿಗೃಹವೊಂದರಲ್ಲಿ ಕೋಣೆ ಕೇಳಿದೆವು. ಮೇಜಿನ ಆಚೆಗಿದ್ದ ಹುಡುಗ ಗುರುತಿನ ಚೀಟಿಗಳನ್ನು ಕೇಳಿ ಪಡೆದು, ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಬದಲು ತನ್ನ ಸ್ವಂತ ಮೊಬೈಲ್ ತೆಗೆದು ಚೀಟಿಯ ಎರಡೂ ಮಗ್ಗುಲುಗಳ ಫೋಟೊ ಹಿಡಿದುಕೊಂಡ. ‘ಇದನ್ನು ಯಾವಾಗ ಅಳಿಸುತ್ತೀರಿ?’ ಎಂದು ಕೇಳಿದರೆ ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ನನಗೆ ಅಂದಿನಿಂದ ಕಸಿವಿಸಿ. ಭಾವನವರ ನಿಲುವು ಬೇರೆ: ಮುಚ್ಚಿಡುವಂಥದ್ದೇನೂ ಇಲ್ಲದವನಿಗೆ ಚೀಟಿ ತೋರಿಸಲು ಹಿಂಜರಿಕೆ ಏಕೆ, ದಿನವಿಡೀ ಮೊಬೈಲಿಗೆ ಇದಕ್ಕಿಂತ ಹೆಚ್ಚಿನ ಮಾಹಿತಿ ಕೊಡುವವನು ಸರ್ಕಾರ ಕೊಟ್ಟ ಚೀಟಿಗೆ ಮಾತ್ರ ಬೆಚ್ಚುವುದೇಕೆ ಎಂದು ಅವರು ಕೇಳುತ್ತಾರೆ. ಅವರಿಗೆ ಕೊಡಬಹುದಾದ ಸರಿಯಾದ ಉತ್ತರ ನನ್ನಲ್ಲಿಲ್ಲ. ರಾಷ್ಟ್ರೀಯ ಗುರುತಿನ ಚೀಟಿ ಎಂಬುದೇ ತಪ್ಪೋ, ಅದನ್ನು ಬಳಸುವ ರೀತಿ ತಪ್ಪೋ? ಇದನ್ನು ನೆಟ್ಟಗೆ ನಿಭಾಯಿಸಿದ ದೇಶಗಳೇನಾದರೂ ಇವೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ‘ಹಳೆಯ ಕಡತ’

ದಾರಿಹೋಕರೇ, ನಿಮ್ಮ ಭಾವನವರು ಮಾತನಾಡುತ್ತಿರುವುದು ಚೀಟಿಯ ಬಗ್ಗೆ; ನಿಮ್ಮನ್ನು ಕಾಡುತ್ತಿರುವುದು ಅದರ ನಕಲು. ಚೀಟಿ ನಿಮ್ಮ ಕಿಸೆಯಲ್ಲಿರುತ್ತದೆ, ಆದರೆ ಅದನ್ನು ಎಲ್ಲಿ, ಯಾವಾಗ, ಯಾರಿಗೆ ತೋರಿಸಿದಿರಿ ಎಂಬ ದಾಖಲೆ ಬೇರೆಯವರ ಕಪಾಟಿನಲ್ಲಿರುತ್ತದೆ. ಇತಿಹಾಸದಲ್ಲಿ ಜನರಿಗೆ ಕೇಡು ಬಂದದ್ದು ಬಹುಮಟ್ಟಿಗೆ ಆ ಕಪಾಟಿನಿಂದಲೇ.

ಬ್ರಿಟನ್ನಿನ ಉದಾಹರಣೆಯನ್ನು ನೋಡಿ. 1939ರಲ್ಲಿ ಯುದ್ಧ ಶುರುವಾದಾಗ ಅಲ್ಲಿನ ಸರ್ಕಾರ ಸೈನ್ಯಭರ್ತಿ, ಭದ್ರತೆ ಮತ್ತು ಪಡಿತರ ಎಂಬ ಮೂರು ಕಾರಣಗಳನ್ನು ಹೇಳಿ ಎಲ್ಲರಿಗೂ ಗುರುತಿನ ಚೀಟಿ ಕೊಟ್ಟಿತು. ಯುದ್ಧ 1945ರಲ್ಲಿ ಮುಗಿಯಿತು, ಚೀಟಿ ಮಾತ್ರ ಉಳಿಯಿತು. 1950ರ ಹೊತ್ತಿಗೆ ಆ ನೋಂದಣಿಯನ್ನು ಬಳಸುವ ಸರ್ಕಾರಿ ಸಂಸ್ಥೆಗಳ ಸಂಖ್ಯೆ 39ಕ್ಕೆ ಏರಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಕಾರು ಓಡಿಸುತ್ತಿದ್ದ ಕ್ಲಾರೆನ್ಸ್ ವಿಲ್ಕಾಕ್ ಎಂಬವರನ್ನು ಪೊಲೀಸ್ ಪೇದೆಯೊಬ್ಬರು ತಡೆದು ಚೀಟಿ ಕೇಳಿದರು. ಅವರು ತೋರಿಸಲು ನಿರಾಕರಿಸಿದರು. ಎರಡು ದಿನದೊಳಗೆ ಠಾಣೆಗೆ ತಂದು ತೋರಿಸಿ ಎಂದದ್ದಕ್ಕೂ ಒಪ್ಪಲಿಲ್ಲ. ಮೊಕದ್ದಮೆಯಲ್ಲಿ ಅವರು ಸೋತರು. ಆದರೆ 1951ರಲ್ಲಿ ಮೇಲ್ಮನವಿಯನ್ನು ಆಲಿಸಿದ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಗೊಡಾರ್ಡ್, ಯುದ್ಧಕಾಲಕ್ಕೆಂದು ಮಾಡಿದ ಕಾನೂನನ್ನು ಬೇರೆ ಕೆಲಸಗಳಿಗೆ ಎಳೆದು ತಂದರೆ ಕಾನೂನಿಗೆ ತಲೆಬಾಗುವ ಜನರೇ ಕಾನೂನು ಮುರಿಯುವವರಾಗುತ್ತಾರೆ ಎಂಬರ್ಥದ ಮಾತನ್ನು ಆಡಿದರು. ಮರುವರ್ಷ ಫೆಬ್ರವರಿಯಲ್ಲಿ ಚೀಟಿಯನ್ನೇ ಕೈಬಿಡಲಾಯಿತು.

ಅಮೆರಿಕದಲ್ಲಿ ಪಿಂಚಣಿಯ ಲೆಕ್ಕಕ್ಕೆಂದು ಶುರುವಾದ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನ ಮೇಲೆ ‘ಇದು ಗುರುತಿಗಾಗಿ ಅಲ್ಲ’ ಎಂಬ ಸಾಲನ್ನು ಎಷ್ಟೋ ವರ್ಷ ಅಚ್ಚು ಹಾಕುತ್ತಿದ್ದರು. ಇವತ್ತು ಅಲ್ಲಿ ಬ್ಯಾಂಕು, ತೆರಿಗೆ, ಉದ್ಯೋಗ ಎಲ್ಲದರಲ್ಲೂ ಮೊದಲು ಕೇಳುವುದು ಆ ಸಂಖ್ಯೆಯನ್ನೇ!

ಇನ್ನು ನೆದರ್ಲೆಂಡ್ಸ್. ಅಲ್ಲಿನ ಜನಸಂಖ್ಯಾ ನೋಂದಣಿ ಯುದ್ಧಕ್ಕೆ ಮೊದಲೇ ಅಚ್ಚುಕಟ್ಟಾಗಿತ್ತು, ಅದರಲ್ಲಿ ಪ್ರತಿಯೊಬ್ಬರ ಧರ್ಮವೂ ದಾಖಲಾಗಿತ್ತು. ಅದನ್ನು ಬರೆದವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. 1940ರಲ್ಲಿ ನಾಜಿಗಳು ದೇಶವನ್ನು ವಶಪಡಿಸಿಕೊಂಡಾಗ ಆ ಪುಸ್ತಕಗಳು ಸಿದ್ಧವಾಗಿಯೇ ಸಿಕ್ಕವು. ಮುಂದೆ ಬಂದ ಗುರುತಿನ ಚೀಟಿಯನ್ನು ನಕಲಿ ಮಾಡುವುದು ಬಹಳ ಕಷ್ಟವಾಗಿತ್ತು; ಹೇಗೋ ಮಾಡಿದರೂ ನೋಂದಣಿ ಕಚೇರಿಯಲ್ಲಿದ್ದ ಮೂಲಪ್ರತಿಯೊಂದಿಗೆ ತಾಳೆ ನೋಡಿದರೆ ಸಿಕ್ಕಿಬೀಳುವುದು ಖಂಡಿತ. ಆದ್ದರಿಂದಲೇ 1943ರ ಮಾರ್ಚ್ 27ರ ರಾತ್ರಿ ಪ್ರತಿರೋಧದ ಗುಂಪೊಂದು ಪೊಲೀಸರ ವೇಷದಲ್ಲಿ ಆಮ್‌ಸ್ಟರ್‌ಡ್ಯಾಮಿನ ನೋಂದಣಿ ಕಚೇರಿಗೆ ನುಗ್ಗಿ ಕಡತಗಳಿಗೆ ಬೆಂಕಿಯಿಟ್ಟಿತು. ಸುಟ್ಟದ್ದು ಒಂದು ಭಾಗ ಮಾತ್ರ. ಆ ಗುಂಪಿನ ಹನ್ನೆರಡು ಮಂದಿಯನ್ನು ಗುಂಡಿಟ್ಟು ಕೊಂದರು. ಮುಚ್ಚಿಡುವಂಥದ್ದೇನೂ ಇಲ್ಲವೆಂದು ತಮ್ಮ ಧರ್ಮವನ್ನು ಬರೆಸಿದ್ದ ಯೆಹೂದ್ಯರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಯುದ್ಧ ಮುಗಿಯುವ ವೇಳೆಗೆ ಬದುಕಿ ಉಳಿದಿರಲಿಲ್ಲ.

ಉತ್ತರ 2: ‘ಎದುರುಮಾತು’

ಹಳೆಯ ಕಡತ ಅವರು ಬರೆದದ್ದೆಲ್ಲ ನಿಜ. ಆದರೆ ಖಾಸಗಿತನದ ಚರ್ಚೆ ಬಂದಾಗಲೆಲ್ಲ ನಾಜಿಗಳನ್ನು ಕರೆತಂದರೆ ಇಂದಿನ ಸಮಸ್ಯೆ ಮಸುಕಾಗುತ್ತದೆ ಎಂಬುದು ನನ್ನ ತಕರಾರು.

ಗುರುತು ಇಲ್ಲದವನ ಪಾಡನ್ನೂ ನೋಡಬೇಕು. ಯಾವ ಕಾಗದವೂ ಇಲ್ಲದವನಿಗೆ ಬ್ಯಾಂಕ್ ಖಾತೆ ತೆರೆಯಲಾಗದು, ಪಿಂಚಣಿ ಬಾರದು, ತನ್ನ ಹೆಸರಿನ ನೆರವನ್ನು ಬೇರೆ ಯಾರೋ ನುಂಗಿದರೂ ‘ಅವನು ನಾನೇ’ ಎಂದು ಸಾಧಿಸಲಾಗದು. 2030ರ ಹೊತ್ತಿಗೆ ಎಲ್ಲರಿಗೂ ಕಾನೂನುಬದ್ಧ ಗುರುತು ಸಿಗಬೇಕೆಂಬುದನ್ನು ವಿಶ್ವಸಂಸ್ಥೆ ತನ್ನ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಸೇರಿಸಿರುವುದು ಇದೇ ಕಾರಣಕ್ಕೆ.

ಕಣ್ಗಾವಲಿಗೆ ಚೀಟಿಯೇ ಬೇಕೆಂಬುದೂ ತಪ್ಪು. ಅಮೆರಿಕದ ಗುಪ್ತಚರ ಸಂಸ್ಥೆಗೆ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಹೊರಗೆಡವಿದ ದಾಖಲೆಗಳು ರಾಷ್ಟ್ರೀಯ ಗುರುತಿನ ಚೀಟಿಯೇ ಇಲ್ಲದ ಆ ದೇಶದವು. ಅಲ್ಲಿ ಸಂಗ್ರಹವಾಗುತ್ತಿದ್ದದ್ದು ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಕರೆ ಮಾಡಿದರು ಎಂಬ ಲೆಕ್ಕ. ನಿಮ್ಮ ಭಾವನವರ ಮೊಬೈಲಿನ ಮಾತನ್ನು ಇಷ್ಟು ಸಲೀಸಾಗಿ ತಳ್ಳಿಹಾಕಬಾರದು.

ಉತ್ತರ 3: ‘ಸೊನ್ನೆ ಒಂದು’

ಎದುರುಮಾತು ಅವರ ಆಕ್ಷೇಪ ಸರಿಯಾದದ್ದೇ, ಆದರೆ ಅದರಿಂದ ಹೊರಡುವ ತೀರ್ಮಾನ ಅವರು ಸೂಚಿಸಿದ್ದಕ್ಕಿಂತ ಬೇರೆಯದು. ಕರೆಯ ಲೆಕ್ಕ, ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಲೆಕ್ಕ ಬೇರೆ ಬೇರೆ ಕಡೆ ಇರುವಷ್ಟು ಕಾಲ ಅವುಗಳನ್ನು ಜೋಡಿಸುವುದಕ್ಕೆ ಶ್ರಮ ಬೇಕು. ಎಲ್ಲದರಲ್ಲೂ ಒಂದೇ ಸಂಖ್ಯೆ ನಮೂದಾಗಿದ್ದರೆ ಆ ಶ್ರಮವೇ ಇಲ್ಲ. ಹೂವುಗಳು ಮೊದಲೇ ಇದ್ದವು, ದಾರ ಸಿಕ್ಕಿತು, ಅಷ್ಟೆ. ಹಾಗಾಗಿ ಚೀಟಿ ಬೇಕೇ ಬೇಡವೇ ಎಂಬುದಕ್ಕಿಂತ, ಒಂದೇ ದಾರ ಎಲ್ಲ ಕಡೆ ಹಾಯಬೇಕೇ ಮತ್ತು ನನ್ನ ಕಡತವನ್ನು ಯಾರು ತೆರೆದರೆಂಬುದು ನನಗೆ ತಿಳಿಯುತ್ತದೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ.

ಆಸ್ಟ್ರಿಯಾ ಮೊದಲನೆಯದಕ್ಕೆ ಒಂದು ಜಾಣ ಉಪಾಯ ಮಾಡಿದೆ. ಅಲ್ಲಿ ತೆರಿಗೆ, ಆರೋಗ್ಯ, ಶಿಕ್ಷಣ ಮುಂತಾದ ಪ್ರತಿಯೊಂದು ಕ್ಷೇತ್ರಕ್ಕೂ ಒಬ್ಬನೇ ವ್ಯಕ್ತಿಗೆ ಬೇರೆ ಬೇರೆ ಗುರುತುಸಂಖ್ಯೆ ಹುಟ್ಟುತ್ತದೆ. ಗಣಿತದ ವಿಧಾನದಿಂದ ಮೂಲಸಂಖ್ಯೆಯಿಂದಲೇ ಬಂದರೂ ಅದನ್ನು ಹಿಂದಕ್ಕೆ ಬಿಡಿಸಿ ಮೂಲವನ್ನು ತಿಳಿಯಲಾಗದು. ಜರ್ಮನಿಯ ಸಂವಿಧಾನ ನ್ಯಾಯಾಲಯ 1983ರ ಜನಗಣತಿ ತೀರ್ಪಿನಲ್ಲಿ, ತನ್ನ ಮಾಹಿತಿಯ ಬಳಕೆಯನ್ನು ತಾನೇ ನಿರ್ಧರಿಸುವ ಹಕ್ಕು ವ್ಯಕ್ತಿಗಿದೆ ಎಂದಿತು. ಆ ದೇಶದ ಇಂದಿನ ಚೀಟಿಯಲ್ಲಿರುವ ಎಲೆಕ್ಟ್ರಾನಿಕ್ ಚಿಪ್ ‘ಇವರಿಗೆ ಹದಿನೆಂಟು ತುಂಬಿದೆಯೇ?’ ಎಂಬ ಪ್ರಶ್ನೆಗೆ ಹುಟ್ಟಿದ ದಿನಾಂಕವನ್ನು ಹೇಳದೆಯೇ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬಲ್ಲದು.

ಎರಡನೆಯದಕ್ಕೆ ಎಸ್ಟೋನಿಯಾವನ್ನು ನೋಡಬೇಕು. ಅಲ್ಲಿ 2002ರಿಂದ ಚಿಪ್ ಇರುವ ಗುರುತಿನ ಚೀಟಿಯಿದೆ, ಸಂಖ್ಯೆಯೂ ಒಂದೇ. ಆದರೆ ತನ್ನ ಮಾಹಿತಿಯನ್ನು ಯಾವ ಕಚೇರಿ ಯಾವಾಗ ನೋಡಿತು ಎಂಬುದನ್ನು ನಾಗರಿಕ ತಾನೇ ಜಾಲತಾಣದಲ್ಲಿ ನೋಡಬಹುದು. ಅಲ್ಲಿಯೂ 2017ರಲ್ಲಿ ಚಿಪ್ಪಿನ ದೋಷವೊಂದು ಪತ್ತೆಯಾಗಿ, ಸುಮಾರು ಏಳೂವರೆ ಲಕ್ಷ ಚೀಟಿಗಳ ಡಿಜಿಟಲ್ ಪ್ರಮಾಣಪತ್ರಗಳನ್ನು ತಡೆಹಿಡಿಯಬೇಕಾಯಿತು. ಆಗ ಚೀಟಿಯೊಳಗಿನ ಕೀಲಿಯನ್ನು, ಅಂದರೆ ಗುಪ್ತ ಸಂಕೇತವನ್ನು, ಬದಲಿಸಿದರು, ಕೆಲಸ ಮುಂದುವರಿಯಿತು. ಬೆರಳಚ್ಚಿನ ವಿಷಯದಲ್ಲಿ ಹಾಗೆ ಮಾಡಲಾಗದು. ಅಮೆರಿಕದ ಸರ್ಕಾರಿ ಸಿಬ್ಬಂದಿ ಕಚೇರಿಯಿಂದ 56 ಲಕ್ಷ ಜನರ ಬೆರಳಚ್ಚು ಕಳುವಾದದ್ದು 2015ರಲ್ಲಿ ಹೊರಬಿತ್ತು. ಅವರ್ಯಾರೂ ಹೊಸ ಬೆರಳು ತರಿಸಿಕೊಳ್ಳಲಾರರು.

ಭಾರತದ ಮಟ್ಟಿಗೆ ಹೇಳುವುದಾದರೆ, ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಅದು ಉಳ್ಳವರ ಚಿಂತೆ, ಬಡವರಿಗೆ ಬೇಡ ಎಂಬ ವಾದವನ್ನೂ ತಳ್ಳಿಹಾಕಿತು. ಮರುವರ್ಷದ ತೀರ್ಪು ಆಧಾರನ್ನು 4:1ರ ಬಹುಮತದಿಂದ ಎತ್ತಿಹಿಡಿಯಿತು. ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾಗದ ಒಂದಂಶ ನನಗೆ ಮುಖ್ಯವೆನಿಸುತ್ತದೆ: ಗುರುತು ದೃಢೀಕರಣದ ದಾಖಲೆಗಳನ್ನು ಐದು ವರ್ಷ ಇಟ್ಟುಕೊಳ್ಳಲು ಇದ್ದ ಅವಕಾಶವನ್ನು ನ್ಯಾಯಾಲಯ ಆರು ತಿಂಗಳಿಗೆ ಇಳಿಸಿತು. ಅಪಾಯ ಚೀಟಿಯಲ್ಲಿಲ್ಲ, ಅದರ ಹೆಜ್ಜೆಗುರುತಿನಲ್ಲಿದೆ ಎಂಬುದನ್ನು ನ್ಯಾಯಾಲಯ ಗುರುತಿಸಿತೆಂದು ನಾನು ಓದಿಕೊಳ್ಳುತ್ತೇನೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳಿಗೆ ಭದ್ರತೆಯಂಥ ಕಾರಣಗಳ ಮೇಲೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿದೆ. ಕಾವಲುಗಾರನೇ ತನಗೆ ತಾನು ರಜೆ ಬರೆದುಕೊಂಡ ಹಾಗೆ.

ಇನ್ನು ವಸತಿಗೃಹದ ಮಾತು. ಮುಂದಿನ ಸಲ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಕೊಡಿ. ಕಾಗದದ ನಕಲು ಕೊಡುವಾಗ ಅದರ ಮೇಲೆ ಅಡ್ಡಲಾಗಿ ಉದ್ದೇಶವನ್ನೂ ದಿನಾಂಕವನ್ನೂ ಬರೆಯಿರಿ. ಆಧಾರಿನಲ್ಲಿ ಬೆರಳಚ್ಚಿನ ಬಳಕೆಗೆ ಬೀಗ ಹಾಕುವ ಸೌಲಭ್ಯವೂ ಇದೆ. ಈಗಾಗಲೇ ತೆಗೆದ ಫೋಟೊವನ್ನು ಅಳಿಸುವಂತೆ ಅವರಿಗೆ ಲಿಖಿತವಾಗಿ ಕೇಳಿ.

‘ದಾರಿಹೋಕ’

ಎಲ್ಲರಿಗೂ ಧನ್ಯವಾದ. ಸೊನ್ನೆ ಒಂದು ಅವರು ಹೇಳಿದಂತೆ ವಸತಿಗೃಹಕ್ಕೆ ಇಮೇಲ್ ಬರೆದೆ. ಎರಡು ದಿನಗಳ ಮೇಲೆ ಸೌಜನ್ಯದಿಂದಲೇ ಉತ್ತರ ಬಂತು: ಆ ಹುಡುಗ ಕಳೆದ ತಿಂಗಳೇ ಕೆಲಸ ಬಿಟ್ಟು ಹೋಗಿದ್ದಾನೆ, ಮೊಬೈಲ್ ಅವನದೇ ಆದ್ದರಿಂದ ಫೋಟೊಗಳ ವಿಚಾರ ತಮಗೆ ತಿಳಿಯದು. ಇದನ್ನು ಭಾವನವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಚೀಟಿಯ ಫೋಟೊವನ್ನೂ ಅವನೇ ತೆಗೆದಿದ್ದನೇ ಎಂದು ಕೇಳಿದರು. ಹೌದು ಎಂದೆ. ಬೀಗ ಹಾಕುವುದು ಹೇಗೆಂದು ಈಗ ನನ್ನ ಪಕ್ಕದಲ್ಲೇ ಕುಳಿತು ಹುಡುಕುತ್ತಿದ್ದಾರೆ.