ಹಳೇ ಸಾಲಕ್ಕೆ ಏಕಪಕ್ಷೀಯ ಡಿಕ್ರಿ, ಈಗ ಸಂಬಳ ಜಪ್ತಿಗೆ ನೋಟಿಸ್: ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರು ಮದ್ದೂರು ತಾಲ್ಲೂಕು. 2015ರಿಂದ ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ. 2014ರ ಜೂನ್‌ನಲ್ಲಿ ಬೋರ್‌ವೆಲ್ ಕೊರೆಸೋಕೆ ಊರಿನ ಒಬ್ಬರ ಹತ್ತಿರ ಪ್ರೋನೋಟು (ಹಣ ವಾಪಸ್ ಕೊಡ್ತೀನಿ ಅಂತ ಸಹಿ ಹಾಕಿದ ಪತ್ರ) ಬರೆದುಕೊಟ್ಟು ಎರಡು ಲಕ್ಷ ತಗೊಂಡಿದ್ದೆ. ನೀರು ಬರಲಿಲ್ಲ. ಕಬ್ಬಿನ ದುಡ್ಡು ಬಂದಾಗ ಸ್ವಲ್ಪ ಸ್ವಲ್ಪ ಕೊಟ್ಟೆ, ರಸೀದಿ ಇಲ್ಲ. ಹೋದ ವಾರ ಕಂಪನಿಗೆ ಸಂಬಳ ಜಪ್ತಿ ನೋಟಿಸ್ ಬಂತು. ವಿಚಾರಿಸಿದರೆ 2018ರ ಅಕ್ಟೋಬರ್‌ನಲ್ಲಿ ದಾವೆ ಹಾಕಿ, 2019ರಲ್ಲಿ ನಾನಿಲ್ಲದೇ ಡಿಕ್ರಿ ಆಗಿದೆಯಂತೆ. ಸಮನ್ಸ್ ನನ್ನ ಕೈಗೆ ಬಂದೇ ಇಲ್ಲ. ಇಷ್ಟು ವರ್ಷ ಆದಮೇಲೆ ಏನಾದ್ರೂ ಮಾಡಬಹುದಾ?

ವಕೀಲರ ಉತ್ತರ: ಮಾಡಬಹುದು, ಆದರೆ ಬೇಗ. ಏಕಪಕ್ಷೀಯ ಡಿಕ್ರಿ, ಅಂದರೆ ನೀವು ಹಾಜರಿಲ್ಲದೇ ಆದ ಕೋರ್ಟಿನ ತೀರ್ಪು, ಅದನ್ನು ರದ್ದು ಮಾಡಿ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರಲ್ಲಿ ಅರ್ಜಿ ಹಾಕಬೇಕು. ಸಮಯ 30 ದಿನ. ಸಮನ್ಸ್ ಸರಿಯಾಗಿ ಜಾರಿ ಆಗಿದ್ದರೆ (ನಿಯಮದಂತೆ ತಲುಪಿಸಿದ್ದರೆ) ಈ ಲೆಕ್ಕ ಡಿಕ್ರಿ ಆದ ದಿನದಿಂದ. ಆಗಿಲ್ಲದಿದ್ದರೆ ಡಿಕ್ರಿ ವಿಷಯ ನಿಮಗೆ ತಿಳಿದ ದಿನದಿಂದ. ನಿಮ್ಮ ಕೇಸೆಲ್ಲ ನಿಂತಿರೋದು ಇಲ್ಲೇ. ಯಾವುದಕ್ಕೂ ಇರಲಿ ಅಂತ, ವಿಳಂಬ ಮನ್ನಿಸಿ ಎಂದು ಕಾಲಮಿತಿ ಕಾಯ್ದೆಯ ಕಲಂ 5ರ ಅರ್ಜಿಯನ್ನೂ ಜೊತೆಗೇ ಹಾಕಿಸಿ.

ಮೊದಲು ಇಡೀ ಕೇಸಿನ ನಕಲಿಗೆ ಅರ್ಜಿ ಕೊಡಿ. ಆರ್ಡರ್ ಶೀಟ್ ಬೇಕು, ಸಮನ್ಸಿನ ಹಿಂದೆ ಬೇಲಿಫ್ (ಸಮನ್ಸ್ ತಲುಪಿಸುವ ಕೋರ್ಟ್ ಸಿಬ್ಬಂದಿ) ಬರೆದ ಷರಾ ಬೇಕು, ಪ್ರೋನೋಟಿನ ಎರಡೂ ಬದಿ ಬೇಕು. ಷರಾದಲ್ಲಿ ಏನಿದೆ ನೋಡಿ. 'ಮನೆಗೆ ಬೀಗ, ಬಾಗಿಲಿಗೆ ಅಂಟಿಸಿದೆ' ಅಂತಿರಬಹುದು. ಮನೆಯವರೊಬ್ಬರು ಸಹಿ ಹಾಕಿ ತಗೊಂಡಿರಬಹುದು. ಮನೆಯವರಿಗೆ ಕೊಟ್ಟರೂ ಜಾರಿ ಆದಂತೆಯೇ, ಆದರೆ ಅವರು ನಿಮ್ಮ ಜೊತೆ ವಾಸ ಇರುವ ವಯಸ್ಕರಾಗಿರಬೇಕು. ನೀವು ಆಗಲೇ ಮೈಸೂರು ಸೇರಿದ್ದಿರಿ ಅಲ್ವಾ? 2018ರ ಬಾಡಿಗೆ ಕರಾರು, ಗ್ಯಾಸ್ ಬಿಲ್, ಕಂಪನಿಯ ಪತ್ರ, ಏನು ಸಿಕ್ಕರೂ ಹುಡುಕಿಡಿ. ಇನ್ನೊಂದು ವಿಷಯ. ಡಿಕ್ರಿ ಆಗಿ ಎರಡು ವರ್ಷ ದಾಟಿದ ಮೇಲೆ ಎಕ್ಸಿಕ್ಯೂಷನ್ (ಡಿಕ್ರಿ ಹಣ ವಸೂಲಿ ಮಾಡಿಸಿ ಎಂಬ ಅರ್ಜಿ) ಹಾಕಿದ್ದರೆ ಸಾಮಾನ್ಯವಾಗಿ ಮೊದಲು ನಿಮಗೆ ನೋಟಿಸ್ ಹೋಗಬೇಕು. ಆ ನೋಟಿಸ್ ಮೊದಲೇ ನಿಮಗೆ ಸಿಕ್ಕಿದ್ದರೆ, 'ಹೋದ ವಾರ ತಿಳೀತು' ಅನ್ನೋ ಮಾತು ನಿಲ್ಲೋದಿಲ್ಲ. ನಿಮ್ಮ ವಕೀಲರಿಗೆ ನಿಜ ಹೇಳಿ.

ಎಕ್ಸಿಕ್ಯೂಷನ್ ಕೋರ್ಟಿನಲ್ಲಿ ನಿಂತು 'ದುಡ್ಡು ಕೊಟ್ಟಾಗಿತ್ತು, ಡಿಕ್ರಿಯೇ ತಪ್ಪು' ಅಂದರೆ ನಡೆಯಲ್ಲ. ಆ ಕೋರ್ಟು ಡಿಕ್ರಿಯ ಹಿಂದೆ ಹೋಗಿ ನೋಡೋದಿಲ್ಲ. ಡಿಕ್ರಿ ಕೊಟ್ಟ ಕೋರ್ಟಿಗೇ ಹೋಗಬೇಕು, ಜಪ್ತಿಗೆ ತಡೆ ಬೇರೆಯಾಗಿ ಕೇಳಬೇಕು. ತಡೆ ಕೊಡುವಾಗ ಒಂದಷ್ಟು ಹಣ ಡೆಪಾಸಿಟ್ ಮಾಡಿ ಅನ್ನುವುದು ಮಾಮೂಲು.

ಪ್ರಶ್ನೆ: ಪ್ರೋನೋಟಿನ ಎರಡೂ ಬದಿ ಯಾಕೆ ಮೇಡಂ? ಮತ್ತೆ ಸಂಬಳ ಪೂರ್ತಿ ಹಿಡಿದುಬಿಡ್ತಾರಾ?

ವಕೀಲರ ಉತ್ತರ: ಕೇಳಿದಾಗ ಕೊಡುತ್ತೇನೆ ಎಂದು ಬರೆದ ನೋಟಿಗೆ, ಅದರ ತಾರೀಖಿನಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ನಿಮ್ಮದಕ್ಕೆ ವಾಯಿದೆ 2017ರ ಜೂನ್‌ಗೆ ಮುಗಿಯಿತು. ದಾವೆ ಬಿದ್ದದ್ದು 2018ರಲ್ಲಿ. ಹಾಗಾದರೆ ಮಧ್ಯೆ ಏನೋ ಇರಬೇಕು. ನೋಟಿನ ಹಿಂಬದಿ 'ಇಂಥ ತಾರೀಖು ಇಷ್ಟು ಪಾವತಿ' ಅಂತ ಬರೆದು ನಿಮ್ಮ ಸಹಿ ತಗೊಂಡಿದ್ದರೆ, ಅದು ಮೂರು ವರ್ಷದೊಳಗಿನದ್ದಾದರೆ, ಅಲ್ಲಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಸಹಿ ನಿಮ್ಮದೇನಾ, ತಾರೀಖು ಯಾವುದು, ನೋಡಲೇಬೇಕು. ಆದರೆ ಇದೆಲ್ಲ ಡಿಕ್ರಿ ರದ್ದಾದ ಮೇಲಿನ ವಾದ. ಅರ್ಜಿಯಲ್ಲಿ ಕೋರ್ಟು ಮುಖ್ಯವಾಗಿ ಕೇಳೋದು ಒಂದೇ: ಅವತ್ತು ಯಾಕೆ ಬರಲಿಲ್ಲ? ಅದನ್ನು ಬಿಟ್ಟು ಬಡ್ಡಿ ಅನ್ಯಾಯ, ಬೋರ್‌ವೆಲ್ ಫೇಲ್ ಅಂತ ಪುಟಗಟ್ಟಲೆ ಬರೆಯೋರೇ ಜಾಸ್ತಿ.

ಸಂಬಳ ಪೂರ್ತಿ ಹಿಡಿಯೋದಿಲ್ಲ. ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. 25,000 ಸಂಬಳ ಅಂದುಕೊಳ್ಳಿ, ತಿಂಗಳಿಗೆ 8,000 ಹಿಡಿಯಬಹುದು. ಅದೂ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಪಿ.ಎಫ್. ಹಣಕ್ಕೂ ರಕ್ಷಣೆ ಇದೆ. ಜಮೀನಿಗೆ ಮಾತ್ರ ಅಂಥ ರಕ್ಷಣೆ ಇಲ್ಲ, ಹುಷಾರು.

ಪ್ರಶ್ನೆ: ಸಾಲ ಕೊಟ್ಟವರ ಕಡೆಯವರೊಬ್ಬರು ಫೋನ್ ಮಾಡಿದ್ರು. ಮದ್ದೂರಿಗೆ ಬಾ, ಒಂದೂವರೆ ಲಕ್ಷ ಕ್ಯಾಶ್ ಕೊಡು, ಕೇಸು ನಾವೇ ಮುಗಿಸ್ತೀವಿ ಅಂತಿದಾರೆ. ಕೊಟ್ಟುಬಿಡಲಾ?

ವಕೀಲರ ಉತ್ತರ: ಹೋಟೆಲ್ ಟೇಬಲ್ ಮೇಲೆ ಎಣಿಸಿ ಕೊಡಬೇಡಿ! ಡಿಕ್ರಿ ಆದಮೇಲೆ ಹೊರಗಡೆ ಕೊಟ್ಟ ಹಣ ಕೋರ್ಟಿನಲ್ಲಿ ದಾಖಲಾಗದಿದ್ದರೆ ಎಕ್ಸಿಕ್ಯೂಷನ್ ಕೋರ್ಟು ಅದನ್ನು ಲೆಕ್ಕಕ್ಕೇ ತಗೊಳಲ್ಲ. ಅವರು ದಾಖಲಿಸದಿದ್ದರೆ, ಕೊಟ್ಟ 30 ದಿನದೊಳಗೆ ನೀವೇ ಅರ್ಜಿ ಹಾಕಬೇಕಾಗುತ್ತದೆ. ರಾಜಿಗೆ ನಾನು ವಿರೋಧಿ ಅಲ್ಲ. ಒಂದೂವರೆ ಲಕ್ಷಕ್ಕೆ ನಿಜವಾಗಿಯೂ ಮುಗಿಯುವುದಾದರೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಯೋಚನೆ ಮಾಡುತ್ತಿದ್ದೆ. ಲೋಕ ಅದಾಲತ್‌ಗೆ ಹಾಕಿಸಿ, ಕಂತು ಬೇಕಿದ್ದರೆ ಕಂತು ಬರೆಸಿ, ದುಡ್ಡು ಬ್ಯಾಂಕ್ ಮೂಲಕ ಕೊಡಿ. ಆದರೆ ರಾಜಿ ಮಾತು ನಡೀತಿದೆ ಅಂತ ಡಿಕ್ರಿ ರದ್ದು ಅರ್ಜಿಯ 30 ದಿನ ಕಳೆಯಬೇಡಿ. ಅರ್ಜಿ ಹಾಕಿಟ್ಟು ಮಾತಾಡಿ.

ಇನ್ನೊಬ್ಬರ ಪ್ರಶ್ನೆ: ಇಂಥದ್ದೇ ಕೇಸಿನಲ್ಲಿ ನನ್ನ ಅಕ್ಕ ಸಾಲಕ್ಕೆ ಜಾಮೀನು ಹಾಕಿದ್ದಾರೆ, ಪಾಂಡವಪುರದಲ್ಲಿರೋದು. ಅವರನ್ನೂ ಅರೆಸ್ಟ್ ಮಾಡಿಸ್ತೀವಿ ಅಂತ ಹೆದರಿಸ್ತಿದಾರೆ.

ವಕೀಲರ ಉತ್ತರ: ಸುಮ್ನೆ ಹೆದರಿಸೋದು ಅದು. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 56ರಲ್ಲೇ ಇದೆ. ಆದರೆ ಜಾಮೀನುದಾರರ ಹೊಣೆ ಸಾಲಗಾರನಷ್ಟೇ. ಅವರ ಆಸ್ತಿ, ಖಾತೆ ಮೇಲೆ ಬರಬಹುದು. ಅವರ ಮೇಲೂ ಏಕಪಕ್ಷೀಯ ಡಿಕ್ರಿ ಆಗಿದ್ದರೆ ಅವರ ಹೆಸರಿನಲ್ಲೂ ಅರ್ಜಿ ಹಾಕಿಸಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಲಿ, ಇಲ್ಲವೇ 15100ಕ್ಕೆ ಫೋನ್ ಮಾಡಲಿ. ಕೊನೆಗೆ ಅಕ್ಕ ದುಡ್ಡು ಕಟ್ಟಬೇಕಾಗಿ ಬಂದರೆ, ಕಟ್ಟಿದ ದಾಖಲೆ ಇಟ್ಟುಕೊಳ್ಳಲಿ. ಅದನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕು ಅವರಿಗಿದೆ.